ಪೆಟಗೋನಿಯಾ: ಎಲ್ ಚಾಲ್ಟೆನ್‌ಗೆ ಎಷ್ಟು ದಿನ ಇಡಬೇಕು? ನಮ್ಮಿಬ್ಬರ ಅನುಭವ

ದಾರಿಬುತ್ತಿ:

ಮಾರ್ಚ್‌ನಲ್ಲಿ ನಾನು, ನನ್ನ ಗಂಡ ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಪೆಟಗೋನಿಯಾಗೆ ಹೋಗಿ ಬಂದೆವು. ನನಗೆ 47, ಅವರಿಗೆ 51. ಕುದುರೆಮುಖ, ಕುಮಾರ ಪರ್ವತ, ತಡಿಯಂಡಮೋಳ್ ಹತ್ತಿದ ಕಾಲುಗಳು. ಐಸ್ ಮೇಲೆ ನಡೆದಿದ್ದು ಮಾತ್ರ ಇದೇ ಮೊದಲು. ಹೊರಡುವ ಮುಂಚೆ ಕನ್ನಡದಲ್ಲಿ ಓದಲು ಜಾಸ್ತಿ ಏನೂ ಸಿಗಲಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ದಾರಿ ಹೀಗಿತ್ತು. ಬ್ಯೂನಸ್ ಐರಿಸ್‌ನಲ್ಲಿ 2 ರಾತ್ರಿ. ಅಲ್ಲಿಂದ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ ಹಾರಿ ಎಲ್ ಕಲಾಫಾತೆ, 4 ರಾತ್ರಿ. ಆಮೇಲೆ ಬಸ್ಸಲ್ಲಿ ಮೂರು ಗಂಟೆ, ಎಲ್ ಚಾಲ್ಟೆನ್, 6 ರಾತ್ರಿ. ಮತ್ತೆ ಕಲಾಫಾತೆಗೆ ಬಂದು ಒಂದು ರಾತ್ರಿ ಮಲಗಿ, ಬೆಳಿಗ್ಗೆ ಬಸ್ಸು ಹಿಡಿದು ಗಡಿ ದಾಟಿ ಚಿಲಿಯ ಪುವೆರ್ತೊ ನತಾಲೆಸ್, 4 ರಾತ್ರಿ. ಅಲ್ಲಿಂದ ಸ್ಯಾಂಟಿಯಾಗೊ, ಅಲ್ಲಿಂದ ಮನೆ.

ನಾನು ಮೊದಲು ಹಾಕಿದ್ದ ಪ್ಲಾನ್‌ನಲ್ಲಿ ಚಾಲ್ಟೆನ್‌ಗೆ ಬರೀ 2 ರಾತ್ರಿ ಇತ್ತು. ಉಶುವಾಯಾ ಕೂಡ ಇತ್ತು. ಪ್ರಪಂಚದ ತುದಿಯ ಊರು, ಅಷ್ಟು ದೂರ ಹೋಗಿ ಬಿಟ್ಟು ಬರೋದಾ ಅಂತ ನನಗೆ ಆಸೆ. ನನ್ನ ಗಂಡ ಹಠ ಹಿಡಿದು ಉಶುವಾಯಾ ತೆಗೆಸಿದರು. ಆ ನಾಲ್ಕು ರಾತ್ರಿಯನ್ನು ಚಾಲ್ಟೆನ್‌ಗೆ ಸೇರಿಸಿದರು. ಇದೇ ವಿಷಯಕ್ಕೆ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಹೋಗಿ ಬಂದ ಮೇಲೆ ಹೇಳುತ್ತೇನೆ, ಅವರು ಮಾಡಿದ್ದೇ ಸರಿ.

ಎಲ್ ಚಾಲ್ಟೆನ್ ಹುಟ್ಟಿದ್ದು 1985ರ ಅಕ್ಟೋಬರ್ 12ರಂದು. ಆ ಭಾಗದ ಗಡಿಗಾಗಿ ಚಿಲಿ ಮತ್ತು ಅರ್ಜೆಂಟೀನಾ ಮಧ್ಯೆ ತಕರಾರಿತ್ತು. ನಮ್ಮ ಜನ ಇಲ್ಲಿದ್ದಾರೆ ಎಂದು ತೋರಿಸಲು ಅರ್ಜೆಂಟೀನಾ ಆ ಕಣಿವೆಯಲ್ಲಿ ಊರು ಕಟ್ಟಿತು. ನನಗಿಂತ ಚಿಕ್ಕ ವಯಸ್ಸಿನ ಊರು! ಅರ್ಧ ಗಂಟೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬಹುದು. ರಸ್ತೆ ಮುಗಿದ ಕಡೆ ಕಾಲುದಾರಿ ಶುರು. ಟ್ಯಾಕ್ಸಿ ಬೇಡ, ಗೈಡ್ ಬೇಡ. ರೂಮಿನ ಬಾಗಿಲು ತೆಗೆದು ನಡೆಯುತ್ತಾ ಹೋದರೆ ಆಯಿತು.

ಚಾಲ್ಟೆನ್ ಅಂದರೆ ಅಲ್ಲಿನ ಮೂಲನಿವಾಸಿ ತೆವೆಲ್ಚೆ ಜನರ ಮಾತಲ್ಲಿ ಹೊಗೆಯಾಡುವ ಬೆಟ್ಟ. 3,405 ಮೀಟರ್ ಎತ್ತರದ ಆ ಕಲ್ಲಿನ ಶಿಖರಕ್ಕೆ ಮೋಡ ಅಂಟಿಕೊಂಡೇ ಇರುತ್ತದೆ. 1877ರಲ್ಲಿ ಅರ್ಜೆಂಟೀನಾದ ಅನ್ವೇಷಕ ಫ್ರಾನ್ಸಿಸ್ಕೊ ಮೊರೆನೊ ಅದಕ್ಕೆ ಬೀಗಲ್ ಹಡಗಿನ ಕ್ಯಾಪ್ಟನ್ ನೆನಪಲ್ಲಿ ಫಿಟ್ಜ್ ರಾಯ್ ಎಂದು ಹೆಸರಿಟ್ಟರು. ಹಳೇ ಹೆಸರು ಊರಿಗೆ ಉಳಿಯಿತು. ನನಗೆ ಹಳೇ ಹೆಸರೇ ಇಷ್ಟ. ಅಲ್ಲಿ ನಾಲ್ಕು ದಿನ ಇದ್ದವರಿಗೆ ಯಾಕೆ ಅಂತ ಗೊತ್ತಾಗುತ್ತದೆ.

ಮೊದಲ ದಿನ ಮೋಡ. ಎರಡನೇ ದಿನ ಮಳೆ ಮತ್ತು ಗಾಳಿ. ಗಾಳಿ ಅಂದರೆ ಎಂಥದ್ದು ಹೇಳಲಿ, ಬ್ಯಾಗ್‌ನ ಮಳೆಕವರ್ ಕಿತ್ತುಕೊಂಡು ಹೋಯಿತು. ಅದು ಹಾರುತ್ತಾ ಹೋಗುವುದನ್ನು ನೋಡುತ್ತಾ ನಿಂತೆವು, ಓಡಿದರೂ ಸಿಗುವ ಹಾಗಿರಲಿಲ್ಲ. ಮೂರನೇ ದಿನ ಲಗುನಾ ತೊರ್ರೆಗೆ ಹೋದೆವು. ಹೋಗಿ ಬರಲು ಸುಮಾರು 18 ಕಿಲೋಮೀಟರ್, ಏರು ಕಡಿಮೆ. ಕೆರೆಯಲ್ಲಿ ಐಸ್ ತುಂಡುಗಳು ತೇಲುತ್ತಿದ್ದವು. ಅದರ ಹಿಂದೆ ನಿಲ್ಲಬೇಕಿದ್ದ ಸೆರ್ರೊ ತೊರ್ರೆ ಎಂಬ ಸೂಜಿಯಂಥ ಶಿಖರ ಕಾಣಲೇ ಇಲ್ಲ. ಬರೀ ಬಿಳಿ ಗೋಡೆ.

ನಮ್ಮ ವಸತಿಯಲ್ಲಿ ಇನ್ನೊಂದು ಜೋಡಿ ಇತ್ತು. ಎರಡೇ ರಾತ್ರಿಗೆ ಬಂದಿದ್ದವರು. ಮೂರನೇ ದಿನ ಬೆಳಿಗ್ಗೆ ಬ್ಯಾಗ್ ಹೊತ್ತು ಬಸ್ಸಿಗೆ ಹೊರಟರು, ಒಂದು ಶಿಖರವನ್ನೂ ನೋಡದೆ. ಆ ಹುಡುಗಿ ಬಾಗಿಲಲ್ಲಿ ನಿಂತು ಮತ್ತೊಮ್ಮೆ ತಿರುಗಿ ಬೆಟ್ಟದ ಕಡೆ ನೋಡಿದಳು. ಅದು ನಾವೇ ಆಗಿರಬಹುದಿತ್ತು.

ನಾಲ್ಕನೇ ದಿನದ ಕತೆ ದೊಡ್ಡದು, ಮುಂದಿನ ಬಾರಿ ಬರೆಯುತ್ತೇನೆ. ಈಗ ಅಡುಗೆಮನೆ ಕರೆಯುತ್ತಿದೆ.

ಹುಬ್ಬಳ್ಳಿ ಹುಡುಗ:

ಅಕ್ಕಾ, ಸರಿಯಾದ ಟೈಮಿಗೆ ಬರೆದಿದ್ದೀರಿ. ನಮ್ಮ ಮದುವೆ ಡಿಸೆಂಬರ್‌ನಲ್ಲಿ. ಜನವರಿಯಲ್ಲಿ ಇಬ್ಬರೂ ಅಲ್ಲಿಗೆ ಹೋಗುವ ಯೋಚನೆ. ಪೆಟಗೋನಿಯಾಗೆ ಒಟ್ಟು 9 ರಾತ್ರಿ ಇದೆ. ಕಲಾಫಾತೆ 2, ಚಾಲ್ಟೆನ್ 2, ನತಾಲೆಸ್ 3, ಉಶುವಾಯಾ 2 ಅಂತ ಹಾಕಿದ್ದೇನೆ. ಬುಕಿಂಗ್ ಇನ್ನೂ ಮಾಡಿಲ್ಲ. ನಿಮ್ಮ ಬರಹ ಓದಿ ಗಾಬರಿಯಾಯಿತು.

ಚಾರಣಪ್ರಿಯ:

ಹುಬ್ಬಳ್ಳಿ ಹುಡುಗ ಅವರೇ, ಜನವರಿ ಅಲ್ಲಿ ಬೇಸಿಗೆ. ಬೆಳಕು ರಾತ್ರಿ ಹತ್ತರವರೆಗೂ ಇರುತ್ತದೆ. ಅದು ಒಳ್ಳೆಯದು. ಆದರೆ ಗಾಳಿ ಜೋರಾಗಿರುವುದೂ ಬೇಸಿಗೆಯಲ್ಲೇ. ಜನವೂ ಜಾಸ್ತಿ. ನಾನು ಹೋಗಿದ್ದು ಏಪ್ರಿಲ್ ಶುರುವಿನಲ್ಲಿ. ಲೆಂಗಾ ಮರದ ಕಾಡು ಪೂರ್ತಿ ಕೆಂಪಾಗಿತ್ತು. ಚಳಿ ಇತ್ತು, ಗಾಳಿಯ ಜೋರು ಸ್ವಲ್ಪ ಇಳಿದಿತ್ತು.

ದಾರಿಬುತ್ತಿ ಅವರ ಮಾತಿಗೆ ಒಂದು ತಿದ್ದುಪಡಿ ಮಾತ್ರ. ಚಾಲ್ಟೆನ್‌ಗೆ ಆರು ರಾತ್ರಿ ಕೊಟ್ಟು ನತಾಲೆಸ್ ಕಡೆಯ ತೊರೆಸ್ ದೆಲ್ ಪೈನೆ ಪಾರ್ಕ್‌ಗೆ ನಾಲ್ಕೇ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಆ ಪಾರ್ಕ್‌ನಲ್ಲಿ W ಅಕ್ಷರದ ಆಕಾರದಲ್ಲಿ ಸಾಗುವ ಡಬ್ಲ್ಯೂ ಟ್ರೆಕ್ ಮಾಡದೆ ಪೆಟಗೋನಿಯಾ ನೋಡಿದೆ ಎನ್ನುವುದು ಹೇಗೆ? ನಾಲ್ಕೈದು ದಿನ, ಸುಮಾರು 75 ಕಿಲೋಮೀಟರ್. ಗ್ರೇ ಹಿಮನದಿ, ಫ್ರೆಂಚ್ ಕಣಿವೆ, ಕೊನೆಗೆ ಗೋಪುರಗಳು ಅಂತ ಕರೆಯುವ ಮೂರು ಕಲ್ಲಿನ ಶಿಖರಗಳು. ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಅಲ್ಲೇ ಎದ್ದರೆ ಬೆಟ್ಟ ನಮ್ಮದಾಗುತ್ತದೆ.

ದಾರಿಬುತ್ತಿ:

ಚಾರಣಪ್ರಿಯ ಅವರೇ, ನೀವು ಹೇಳುವುದು ಗಟ್ಟಿಕಾಲಿನವರಿಗೆ ನಿಜ. ಆದರೆ ಡಬ್ಲ್ಯೂ ಟ್ರೆಕ್‌ನಲ್ಲಿ ಪ್ರತಿ ರಾತ್ರಿಯ ಜಾಗವನ್ನೂ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಬುಕಿಂಗ್ ಇಲ್ಲದೆ ಕ್ಯಾಂಪ್ ಹಾಕುವಂತಿಲ್ಲ. ಮಳೆ ಬರಲಿ, ಮಂಡಿ ನೋಯಲಿ, ಇವತ್ತು ಇಲ್ಲಿಂದ ಅಲ್ಲಿಗೆ ಹೋಗಲೇಬೇಕು. ಚಾಲ್ಟೆನ್‌ನಲ್ಲಿ ಹಾಗಲ್ಲ. ಬೆಳಿಗ್ಗೆ ಕಿಟಕಿ ತೆಗೆದು ಆಕಾಶ ನೋಡಿ ತೀರ್ಮಾನ ಮಾಡಬಹುದು. ನಮ್ಮ ವಯಸ್ಸಿನ ಜೋಡಿಗೆ ಅದೇ ಅನುಕೂಲ. ನಾಲ್ಕನೇ ದಿನದ ಕತೆ ಹೇಳಿದರೆ ನಿಮಗೇ ಅರ್ಥವಾಗುತ್ತದೆ.

ಅವತ್ತು ಬೆಳಿಗ್ಗೆ ಆರಕ್ಕೆ ಹಣೆದೀಪ ಕಟ್ಟಿಕೊಂಡು ಫಿಟ್ಜ್ ರಾಯ್ ಬುಡದ ಕೆರೆ ಲಗುನಾ ದೆ ಲೊಸ್ ತ್ರೆಸ್‌ಗೆ ಹೊರಟೆವು. ಹೋಗಿ ಬರಲು 20 ಕಿಲೋಮೀಟರ್‌ಗಿಂತ ಜಾಸ್ತಿ. ಮೊದಲ ಒಂದೂವರೆ ಗಂಟೆ ಏರು, ಆಮೇಲೆ ಕಾಡು, ಜವುಗು, ಮರದ ಸೇತುವೆ. ಒಂಬತ್ತನೇ ಕಿಲೋಮೀಟರ್‌ವರೆಗೂ ಸುಖವಾದ ದಾರಿ. ಇರುವುದೆಲ್ಲ ಕೊನೆಯ ಒಂದು ಕಿಲೋಮೀಟರ್‌ನಲ್ಲಿ. ಅಷ್ಟೇ ದೂರದಲ್ಲಿ 400 ಮೀಟರ್ ಎತ್ತರ ಏರಬೇಕು, ಅದೂ ಸಡಿಲ ಕಲ್ಲಿನ ಮೇಲೆ. ಕುಮಾರ ಪರ್ವತದಲ್ಲಿ ಶೇಷಪರ್ವತದ ಏರು ನೆನಪಿದೆಯಲ್ಲ? ಅದಕ್ಕೆ ಎದುರುಗಾಳಿ ಸೇರಿಸಿಕೊಳ್ಳಿ.

ಪೊಯಿನ್ಸೆನೊ ಕ್ಯಾಂಪ್ ದಾಟುವ ಹೊತ್ತಿಗೆ ನನ್ನ ಗಂಡನ ಬಲಮಂಡಿ ಹಿಡಿದುಕೊಂಡಿತು. ಎರಡು ಸಲ ಕೂತರು, ಎದ್ದರು. ಏರು ಶುರುವಾಗುವ ಕಡೆ ನಿಂತು ಹೇಳಿದರು, ನೀನು ಹೋಗು, ನಾನು ಈ ಮರದ ಕೆಳಗೆ ಇರುತ್ತೇನೆ. ನಾನು ಒಪ್ಪಲಿಲ್ಲ. ಇಷ್ಟು ದೂರ ಬಂದಿದ್ದು ಇಬ್ಬರೂ ಕೂಡಿ ನೋಡೋಕೆ. ಅವರು ನನ್ನ ಬ್ಯಾಗ್‌ನಲ್ಲಿದ್ದ ಭಾರದ ಸಾಮಾನೆಲ್ಲ ತೆಗೆದು ತಮ್ಮ ಬ್ಯಾಗ್‌ಗೆ ಹಾಕಿಕೊಂಡರು. ನೀರು, ಚಪಾತಿ ರೋಲ್, ಜಾಕೆಟ್ ಮಾತ್ರ ಬಿಟ್ಟರು. ಅದಾದ ಮೇಲೆ ನನಗೆ ವಾದ ಮಾಡಲು ಆಗಲಿಲ್ಲ.

ಒಬ್ಬಳೇ ಹತ್ತಿದೆ. ಒಂದು ಗಂಟೆ ಹತ್ತು ನಿಮಿಷ. ಮೇಲೆ ಹೋದರೆ ಕೆರೆ ಇದೆ, ಬೆಟ್ಟ ಇಲ್ಲ. ಮೋಡ ಕೆರೆಯ ಅಂಚಿನವರೆಗೂ ಇಳಿದಿತ್ತು. ಬಂಡೆಯ ಮರೆಯಲ್ಲಿ ಕೂತು ಕಾದೆ. ಬೆರಳು ಮರಗಟ್ಟಿತು. ಇನ್ನು ಇಳಿಯೋಣ ಅಂತ ಎದ್ದಾಗ ಮೇಲೊಂದು ಕಡೆ ಬಿಳಿ ಹರಿಯಿತು. ಆ ಸಂದಿಯಲ್ಲಿ ಕೇಸರಿ ಬಣ್ಣದ ಕಲ್ಲು ಕಂಡಿತು. ನಾನು ಎಲ್ಲಿ ಶಿಖರ ಇರಬಹುದು ಅಂದುಕೊಂಡಿದ್ದೆನೋ ಅದಕ್ಕಿಂತ ತುಂಬಾ ಮೇಲೆ. ತಲೆ ಹಿಂದಕ್ಕೆ ಎತ್ತಿ ನೋಡಬೇಕಾಯಿತು. ಹದಿನೈದು ನಿಮಿಷ ಇತ್ತು ಅಷ್ಟೇ. ಸುತ್ತ ಇದ್ದ ಹತ್ತು ಹನ್ನೆರಡು ಜನ ಯಾರೂ ಮಾತಾಡಲಿಲ್ಲ.

ಕೆಳಗೆ ಬಂದಾಗ ಅವರು ಬ್ಯಾಗ್ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದರು. ಎದ್ದು ಕೇಳಿದ ಮೊದಲ ಮಾತು, ಕಾಣ್ತಾ? ಹೂಂ ಅಂದೆ. ಬಣ್ಣ ಹೇಗಿತ್ತು ಅಂತ ಕೇಳಿದರು. ಹೇಳಲು ಹೋಗಿ ಅತ್ತುಬಿಟ್ಟೆ.

ಎಲೆಅಡಿಕೆ:

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಅವರಿಗೆ ಆಮೇಲೆ ಕಾಣಿಸಿತಾ ಇಲ್ಲವಾ, ಅದನ್ನು ಮೊದಲು ಹೇಳಿ.

ದಾರಿಬುತ್ತಿ:

ಕಾಣಿಸಿತು. ಐದನೇ ದಿನ ಅವರ ಮಂಡಿಗೆ ವಿಶ್ರಾಂತಿ. ಬೇಕರಿಯಲ್ಲಿ ಕೂತು ಕಾಫಿ ಕುಡಿದು, ಕೊಂಡೋರ್ ರಣಹದ್ದು ಹಾರುವುದನ್ನು ನೋಡಿದೆವು. ಆರನೇ ದಿನ ರಾತ್ರಿ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಲಗುನಾ ಕಾಪ್ರಿಗೆ ನಡೆದೆವು. ಊರಿಂದ ನಾಲ್ಕೇ ಕಿಲೋಮೀಟರ್. ನಾವು ಬಾಡಿಗೆಗೆ ತಂದ ಎರಡು ಜೊತೆ ಕೋಲು ಹಿಡಿದು, ಅವರ ನಡಿಗೆಗೆ ತಕ್ಕ ಹಾಗೆ, ಎರಡೂವರೆ ಗಂಟೆ ತೆಗೆದುಕೊಂಡೆವು. ಎಂಟಕ್ಕೆ ಸ್ವಲ್ಪ ಮುಂಚೆ ಸೂರ್ಯ ಹುಟ್ಟಿತು. ಮೊದಲು ತುದಿಗೆ ಮಾತ್ರ ಕೆಂಪು, ಆಮೇಲೆ ಇಡೀ ಸಾಲು ಕೆಂಡದ ಹಾಗೆ. ಕೆರೆಯಲ್ಲೂ ಅದೇ. ಅವರು ನನ್ನ ಕೈ ಹಿಡಿದುಕೊಂಡು, ಇದೇ ಬಣ್ಣಾನಾ ಅಂತ ಕೇಳಿದರು. ಅಲ್ಲ, ಇದು ಅದಕ್ಕಿಂತ ಚೆನ್ನಾಗಿದೆ ಅಂದೆ. ನಿಜವಾಗಿಯೂ ಚೆನ್ನಾಗಿತ್ತು.

ಅದಾಗಿ ಮೂರು ಗಂಟೆಗೆ ಕಲಾಫಾತೆ ಬಸ್ಸು ಹಿಡಿದೆವು. ಲೆಕ್ಕ ಹಾಕಿ. ಆರು ದಿನದಲ್ಲಿ ಶಿಖರ ಸರಿಯಾಗಿ ಕಂಡಿದ್ದು ಒಂದು ಬೆಳಿಗ್ಗೆ ಮತ್ತು ಹದಿನೈದು ನಿಮಿಷ.

ಹುಬ್ಬಳ್ಳಿ ಹುಡುಗ ಅವರೇ, 9 ರಾತ್ರಿಯಲ್ಲಿ ನಾಲ್ಕು ಊರು ಬೇಡ. ಎರಡು ಸಾಕು. ಉಶುವಾಯಾ ಎಲ್ಲೂ ಓಡಿಹೋಗುವುದಿಲ್ಲ.

ಸಾಗರದಾಕೆ:

ಕಲಾಫಾತೆ ಹತ್ತಿರದ ಪೆರಿತೊ ಮೊರೆನೊ ಹಿಮನದಿಯ ಬಗ್ಗೆ ಹೇಳಿ. ನಮ್ಮ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಆಸೆ. ಅಪ್ಪನಿಗೆ 70, ಅಮ್ಮನಿಗೆ 66, ಅಮ್ಮನಿಗೆ ಮೆಟ್ಟಿಲು ಕಷ್ಟ. ಅವರಿಗೆ ಅದನ್ನು ನೋಡಲು ಆಗುತ್ತದಾ?

ದಾರಿಬುತ್ತಿ:

ಆಗುತ್ತದೆ! ಖಂಡಿತ ಕರೆದುಕೊಂಡು ಹೋಗಿ. ಪ್ರಪಂಚದಲ್ಲಿ ಇಷ್ಟು ಸುಲಭವಾಗಿ ಇಷ್ಟು ಹತ್ತಿರ ಹೋಗಬಹುದಾದ ದೊಡ್ಡ ಹಿಮನದಿಗಳು ಕಡಿಮೆ. ಕಲಾಫಾತೆಯಿಂದ 80 ಕಿಲೋಮೀಟರ್, ಒಳ್ಳೇ ಟಾರು ರಸ್ತೆ. ಹಿಮನದಿಯ ಎದುರಿಗೆ ಬೆಟ್ಟದ ಇಳಿಜಾರಿನಲ್ಲಿ ಕಬ್ಬಿಣದ ಅಟ್ಟಣಿಗೆ ದಾರಿಗಳಿವೆ, ಒಟ್ಟು ನಾಲ್ಕು ಕಿಲೋಮೀಟರ್‌ನಷ್ಟು. ಒಂದು ಭಾಗಕ್ಕೆ ಗಾಲಿಕುರ್ಚಿ ಹೋಗುತ್ತದೆ, ಲಿಫ್ಟ್ ಕೂಡ ಇದೆ. ಮೇಲಿನ ಅಟ್ಟಣಿಗೆಯಲ್ಲಿ ಕೂತರೂ ಎಲ್ಲ ಕಾಣುತ್ತದೆ. ದೋಣಿಯಲ್ಲಿ ಕೂತು ಗೋಡೆಯ ಮುಂದೆ ಸುತ್ತಬಹುದು. ಐಸ್ ಮೇಲೆ ನಡೆಯಲು ಮಾತ್ರ ವಯಸ್ಸಿನ ಮಿತಿ ಇದೆ.

ಆ ಗೋಡೆ 5 ಕಿಲೋಮೀಟರ್ ಅಗಲ. ನೀರಿನ ಮೇಲೆ 60-70 ಮೀಟರ್ ಎತ್ತರ, ಅಂದರೆ ಇಪ್ಪತ್ತು ಮಹಡಿ ಕಟ್ಟಡದಷ್ಟು. ಹಿಂದಕ್ಕೆ 30 ಕಿಲೋಮೀಟರ್ ಉದ್ದ. ಮಧ್ಯಭಾಗ ದಿನಕ್ಕೆ ಸುಮಾರು ಎರಡು ಮೀಟರ್ ಮುಂದಕ್ಕೆ ಸರಿಯುತ್ತದೆ, ಅದಕ್ಕೇ ಸುಮ್ಮನಿರುವುದಿಲ್ಲ. ಒಳಗೆಲ್ಲೋ ಚಟಚಟ ಸದ್ದು. ಆಮೇಲೆ ಒಂದು ಬಸ್ಸಿನಷ್ಟು ತುಂಡು ಕಳಚಿ ಬೀಳುತ್ತದೆ. ಮೊದಲು ಬೀಳುವುದು ಕಾಣುತ್ತದೆ, ಆಮೇಲೆ ಸದ್ದು ಬರುತ್ತದೆ, ದೂರದ ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿಸಿದ ಹಾಗೆ. ಬರುವ ದೊಡ್ಡ ಸದ್ದಿಗೆ ತಿರುಗಿ ನೋಡಿದರೆ ತಡವಾಗಿರುತ್ತದೆ. ಸಣ್ಣ ಸದ್ದು ಕೇಳಿದಾಗಲೇ ಆ ಕಡೆ ಕಣ್ಣಿಡಬೇಕು ಅಂತ ಅರ್ಧ ದಿನ ಆದ ಮೇಲೆ ಗೊತ್ತಾಯಿತು.

ಬೇಲಿ ದಾಟಿ ನೀರಿನ ಹತ್ತಿರ ಇಳಿಯಬೇಡಿ. 1968ರಿಂದ 1988ರ ಮಧ್ಯೆ ಸಿಡಿದ ಐಸ್ ಚೂರು ತಾಗಿ 32 ಜನ ಸತ್ತಿದ್ದಾರೆ. ಅದಾದ ಮೇಲೇ ಅಟ್ಟಣಿಗೆಯಲ್ಲೇ ಇರಬೇಕು ಅನ್ನುವ ಕಟ್ಟುನಿಟ್ಟು ಬಂದಿದ್ದು.

ಇನ್ನೊಂದು ವಿಶೇಷ. ಈ ಹಿಮನದಿ ಮುಂದೆ ಬಂದು ಬಂದು ಎದುರಿನ ನೆಲಕ್ಕೆ ತಾಗಿ, ಲಾಗೊ ಅರ್ಜೆಂಟಿನೊ ಸರೋವರದ ಒಂದು ತೋಳನ್ನೇ ಮುಚ್ಚಿಬಿಡುತ್ತಿತ್ತು. ಅಣೆಕಟ್ಟಿನ ಹಾಗೆ. ಆ ಕಡೆ ನೀರು ಏರಿ, ಒತ್ತಡಕ್ಕೆ ಐಸ್ ಕೆಳಗೆ ಸುರಂಗ ಕೊರೆದು, ಕಮಾನಾಗಿ, ಕೊನೆಗೆ ಒಂದೇ ಸಲ ಕುಸಿಯುತ್ತಿತ್ತು. 2016ರ ಮಾರ್ಚ್‌ನಲ್ಲಿ ಸಾವಿರಾರು ಜನರ ಎದುರಿಗೆ ಬಿತ್ತು. 2018ರ ಮಾರ್ಚ್‌ನಲ್ಲಿ ರಾತ್ರಿ ಬಿರುಗಾಳಿಯಲ್ಲಿ ಬಿತ್ತು, ಕಾಯುತ್ತಿದ್ದವರಿಗೆ ಕಾಣಲೇ ಇಲ್ಲ.

ತುಂಗಾತೀರ:

ಒಂದು ಮಾತು ಕೇಳಬೇಕು ಅನಿಸುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ. ಐಸ್ ಕರಗುತ್ತಿದೆ ಅಂತ ಎಲ್ಲರೂ ಹೇಳುತ್ತೇವೆ. ಅದನ್ನೇ ನೋಡಲು ಅರ್ಧ ಭೂಮಿ ಸುತ್ತಿ ವಿಮಾನದಲ್ಲಿ ಹೋಗುತ್ತೇವೆ. ಮೇಲೆ ಮುಳ್ಳಿನ ಬೂಟು ಹಾಕಿ ತುಳಿಯುತ್ತೇವೆ. ಇದು ಸರಿಯಾ?

ದಾರಿಬುತ್ತಿ:

ಬೇಜಾರಿಲ್ಲ. ಈ ಪ್ರಶ್ನೆ ಅಲ್ಲಿ ನನ್ನನ್ನೂ ಕಾಡಿತು.

ಬೂಟಿನ ಗುರುತು ಉಳಿಯುವುದಿಲ್ಲ. ಮೇಲ್ಪದರ ದಿನಾ ಕರಗಿ, ಮತ್ತೆ ಬೇರೆಯಾಗುತ್ತದೆ. ಗೈಡ್‌ಗಳು ಬೆಳಿಗ್ಗೆ ಕೊಡಲಿ ಹಿಡಿದು ಹೊಸ ಮೆಟ್ಟಿಲು ಕೊರೆಯುತ್ತಾರೆ. ವಿಮಾನದ ಮಾತು ಬೇರೆ, ಅದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಇಂಥ ದೂರದ ಪ್ರವಾಸ ಹತ್ತು ವರ್ಷಕ್ಕೆ ಒಂದೇ ಎಂದು ನಾವಿಬ್ಬರೂ ತೀರ್ಮಾನ ಮಾಡಿದ್ದೇವೆ. ಒಂದೇ ಸಲ, ನಿಧಾನಕ್ಕೆ, ಕಡಿಮೆ ಊರು.

ಪೆರಿತೊ ಮೊರೆನೊ ಗಟ್ಟಿ ಹಿಮನದಿ ಅಂತ ಹೆಸರಾಗಿತ್ತು. ಸುತ್ತಲಿನವೆಲ್ಲ ಹಿಂದೆ ಸರಿಯುತ್ತಿದ್ದರೂ ಇದು ದಶಕಗಟ್ಟಲೆ ಹೆಚ್ಚುಕಡಿಮೆ ಇದ್ದ ಕಡೆಯೇ ನಿಂತಿತ್ತು. ಈಗ ಇಲ್ಲ. 2019ರ ನಂತರ ಕೆಲವು ಕಡೆ 800 ಮೀಟರ್‌ವರೆಗೆ ಹಿಂದೆ ಸರಿದಿದೆ ಎಂದು 2025ರಲ್ಲಿ ವಿಜ್ಞಾನಿಗಳು ಬರೆದರು. ಬಂಡೆಯಲ್ಲಿ ಐಸ್ ಉಜ್ಜಿದ ಬೋಳು ಗುರುತು ಬರಿಗಣ್ಣಿಗೇ ಕಾಣುತ್ತದೆ, ಇನ್ನೂ ಹುಲ್ಲು ಕೂಡ ಹುಟ್ಟಿಲ್ಲ. ನಮ್ಮ ಗೈಡ್ ಕೈ ತೋರಿಸಿ, ನಾನು ಕೆಲಸಕ್ಕೆ ಸೇರಿದಾಗ ಅಲ್ಲಿವರೆಗೂ ಐಸ್ ಇತ್ತು ಅಂದ. ಅವನು ತೋರಿಸಿದ ಜಾಗದಲ್ಲಿ ನೀರಿತ್ತು.

ಐಸ್ ಮೇಲೆ ನಡೆದಿದ್ದು ಒಂದೂವರೆ ಗಂಟೆ. ಹೆಲ್ಮೆಟ್, ಕೈಗವಸು ಕೊಡುತ್ತಾರೆ, ಬೂಟಿಗೆ ಮುಳ್ಳಿನ ಚೌಕಟ್ಟು ಕಟ್ಟುತ್ತಾರೆ. ಇಳಿಯುವಾಗ ಮಂಡಿ ಬಗ್ಗಿಸಿ, ಪಾದ ಪೂರ್ತಿ ಊರಬೇಕು. ದೂರದಿಂದ ಬಿಳಿಯಾಗಿ ಕಾಣುವುದು ಹತ್ತಿರ ಹೋದರೆ ನೀಲಿ. ನೂರಾರು ವರ್ಷದ ಭಾರಕ್ಕೆ ಒಳಗಿನ ಗಾಳಿಗುಳ್ಳೆಗಳು ಹಿಂಡಿಹೋಗಿರುತ್ತವೆ. ಆ ಗಟ್ಟಿ ಐಸ್ ಕೆಂಪು ಬೆಳಕನ್ನು ನುಂಗಿ ನೀಲಿಯನ್ನು ಬಿಡುತ್ತದೆ. ಒಂದು ಬಿರುಕಿಗೆ ಬಗ್ಗಿ ನೋಡಿದೆ. ಆ ನೀಲಿಗೆ ತಳ ಇರಲಿಲ್ಲ. ಕೆಳಗೆಲ್ಲೋ ನೀರು ಹರಿಯುವ ಸದ್ದು ಮಾತ್ರ ಬರುತ್ತಿತ್ತು.

ನಕ್ಷತ್ರಪ್ರಿಯ:

ಆಕಾಶದ ಬಗ್ಗೆ ಯಾರೂ ಕೇಳಲಿಲ್ಲ! ಮಾರ್ಚ್‌ನಲ್ಲಿ ಹೋಗಿದ್ದೀರಿ. ರಾತ್ರಿ ಹತ್ತರ ಹೊತ್ತಿಗೆ ಅಗಸ್ತ್ಯ ನಕ್ಷತ್ರ ನೆತ್ತಿಯ ಮೇಲೆ ಇರಬೇಕು. ನಮ್ಮೂರಲ್ಲಿ ಅದು ದಕ್ಷಿಣದಲ್ಲಿ ಕೆಳಗೇ ಇರುತ್ತದೆ, ತೆಂಗಿನ ಮರದ ಮೇಲೆ ಸ್ವಲ್ಪ. ಅಲ್ಲಿ ಹೇಗೆ ಕಂಡಿತು?

ದಾರಿಬುತ್ತಿ:

ನೀವು ಹೇಳಿದ ಹಾಗೇ! ನನ್ನ ಗಂಡನಿಗೆ ಇದರ ಹುಚ್ಚು. ಕಲಾಫಾತೆಯಲ್ಲಿ ಊರಿನ ದೀಪ ಬಿಟ್ಟು ಸರೋವರದ ದಂಡೆಗೆ ನಡೆದು ಹೋದೆವು. ಅಗಸ್ತ್ಯ ನಡುನೆತ್ತಿಗೆ ಬಂದಿತ್ತು. ನೋಡುತ್ತಾ ನೋಡುತ್ತಾ ಕುತ್ತಿಗೆ ನೋಯಿತು. ನಾವು ಬೇಸಿಗೆ ರಾತ್ರಿ ಬೆಂಗಳೂರಿನಲ್ಲಿ ದಕ್ಷಿಣದ ಅಂಚಿನಲ್ಲಿ ಹುಡುಕುವ ತ್ರಿಶಂಕು ಅಲ್ಲಿ ಮೇಲೇರಿ ನಿಂತಿತ್ತು. ಮಹಾವ್ಯಾಧ, ಅದೇ ಓರಿಯನ್, ಉತ್ತರದ ಕಡೆ ತಲೆಕೆಳಗಾಗಿತ್ತು. ಚಂದ್ರನಲ್ಲಿರುವ ಮೊಲವೂ ತಿರುಗಿ ಮಲಗಿತ್ತು. ಹಗಲಲ್ಲಿ ಸೂರ್ಯ ಉತ್ತರದ ಕಡೆ ಹೋಗುವುದರಿಂದ ಮೊದಲ ಎರಡು ದಿನ ನನಗೆ ದಿಕ್ಕೇ ತಿಳಿಯುತ್ತಿರಲಿಲ್ಲ.

ಹೊಸಪೇಟೆ ಬಿಸಿಲು:

ಸಸ್ಯಾಹಾರಿಗಳಿಗೆ ಊಟ? ಅಲ್ಲೆಲ್ಲ ಕುರಿ ಮಾಂಸವೇ ಅಂತ ಕೇಳಿದ್ದೇನೆ.

ದಾರಿಬುತ್ತಿ:

ಹೌದು, ಹೋಟೆಲ್ ಕಿಟಕಿಯಲ್ಲೇ ಇಡೀ ಕುರಿಮರಿಯನ್ನು ಬೆಂಕಿ ಎದುರು ನಿಲ್ಲಿಸಿರುತ್ತಾರೆ. ಆದರೂ ಉಪವಾಸ ಬೀಳಲಿಲ್ಲ. ಸೊಪ್ಪು ಅಥವಾ ಜೋಳ ತುಂಬಿದ ಎಂಪನಾದಾ ಸಿಗುತ್ತದೆ, ನಮ್ಮ ಕರಿಗಡುಬಿನ ಆಕಾರ. ಈರುಳ್ಳಿ ಚೀಸ್ ಪಿಜ್ಜಾ, ನ್ಯೋಕಿ ಎಂಬ ಆಲೂಗಡ್ಡೆ ಉಂಡೆ, ಬೇಳೆ ಸೂಪ್. ಬರೀ ಸಸ್ಯಾಹಾರಿ ಅಂದರೆ ಸಾಲದು. ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಹಮೋನ್ (ಮಾಂಸ ಬೇಡ, ಕೋಳಿ ಬೇಡ, ಹಂದಿ ಬೇಡ) ಎಂದು ಮೂರೂ ಹೇಳಿ. ಹಂದಿ ಮಾಂಸದ ತೆಳು ಹಾಳೆಯನ್ನು ಅಲ್ಲಿ ಕೆಲವರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಅಡುಗೆಮನೆ ಇರುವ ವಸತಿಯನ್ನೇ ಹುಡುಕಿದ್ದೆವು. ಅಕ್ಕಿ, ಮಸೂರ, ಟೊಮೆಟೊ ಎಲ್ಲ ಕಡೆ ಸಿಗುತ್ತದೆ. ಚಾಲ್ಟೆನ್‌ನಲ್ಲಿ ತರಕಾರಿ ತುಟ್ಟಿ, ಕಲಾಫಾತೆಯಲ್ಲೇ ತೆಗೆದುಕೊಳ್ಳಿ.

ಕಲಾಫಾತೆ ಅನ್ನುವುದು ಒಂದು ಮುಳ್ಳುಗಿಡದ ಹೆಸರು. ನೇರಳೆ ಬಣ್ಣದ ಸಣ್ಣ ಹಣ್ಣು, ಬೇಸಿಗೆ ಕೊನೆಗೆ ಮಾಗುತ್ತದೆ. ಅದನ್ನು ತಿಂದವರು ಮತ್ತೆ ಪೆಟಗೋನಿಯಾಗೆ ಬರುತ್ತಾರೆ ಅಂತ ಅಲ್ಲಿನ ಮಾತು. ನಾವು ಜಾಮ್ ಮಾಡಿದ್ದನ್ನು ತಿಂದೆವು.

ಗಡಿಯ ಬಗ್ಗೆ ಎಚ್ಚರಿಕೆ. ಚಿಲಿಗೆ ಹಣ್ಣು, ತರಕಾರಿ, ಬೀಜ, ಹಾಲಿನ ಪದಾರ್ಥ, ಜೇನು ಒಯ್ಯುವ ಹಾಗಿಲ್ಲ. ಫಾರಂನಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ ದಂಡ ಜೋರು. ತಿನ್ನುವ ಸಾಮಾನು ಇದೆ ಎಂದು ನಿಜ ಬರೆದು ತೋರಿಸಿದರೆ ಏನೂ ತೊಂದರೆ ಇಲ್ಲ. ನಮ್ಮ ಚಟ್ನಿಪುಡಿ ಡಬ್ಬಿ ತೆಗೆದು ಮೂಸಿ ವಾಪಸ್ ಕೊಟ್ಟರು. ಮರೆತು ಉಳಿದಿದ್ದ ಎರಡು ಸೇಬು ತೆಗೆದುಕೊಂಡರು.

ಡಲ್ಲಾಸ್ ಕನ್ನಡಿಗ:

ವೀಸಾ ವಿಷಯ ಸೇರಿಸುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅರ್ಜೆಂಟೀನಾಗೂ ಚಿಲಿಗೂ ಬೇರೆ ಬೇರೆ ನಿಯಮ. ಅಮೆರಿಕದ ವೀಸಾ ಇದ್ದರೆ ಎರಡೂ ಕಡೆ ಸಡಿಲ ಇದೆ. ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮುಂಚೆ ಎರಡೂ ರಾಯಭಾರ ಕಚೇರಿಗಳ ಪುಟ ನೋಡಿ. ಮುಖ್ಯ ವಿಷಯ, ಅರ್ಜೆಂಟೀನಾದಿಂದ ಚಿಲಿಗೆ ಹೋಗಿ ಮತ್ತೆ ಅರ್ಜೆಂಟೀನಾಗೆ ಬರುವುದಾದರೆ ಎರಡು ಸಲ ಒಳಗೆ ಬಿಡುವ ವೀಸಾ ಬೇಕು. ದಾರಿಬುತ್ತಿ ಅವರು ಬ್ಯೂನಸ್ ಐರಿಸ್‌ನಲ್ಲಿ ಇಳಿದು ಸ್ಯಾಂಟಿಯಾಗೊದಿಂದ ಹೊರಟಿದ್ದು ಬುದ್ಧಿವಂತಿಕೆ.

ಚಾಲ್ಟೆನ್ ದಾರಿಗಳಿಗೆ ಮುಂಚೆ ಟಿಕೆಟ್ ಇರಲಿಲ್ಲ. 2024ರ ಕೊನೆಯಿಂದ ಇದೆ. ಹಳೆಯ ಬರಹ ಓದಿ ಹೋಗುವವರು ಗಮನಿಸಿ.

ಚಾರಣಪ್ರಿಯ:

ನಾಲ್ಕನೇ ದಿನದ ಕತೆ ಓದಿದೆ. ನನ್ನ ಮಾತಿನ ಬಿರುಸು ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತೇನೆ. ನಾನು ಹೋದಾಗ 29, ಒಬ್ಬನೇ. ಡಬ್ಲ್ಯೂ ಟ್ರೆಕ್‌ನ ಎರಡನೇ ದಿನ ಕಾಲಲ್ಲಿ ಬೊಬ್ಬೆ ಎದ್ದು ನಡೆಯಲಾಗದಿದ್ದರೂ ಬುಕಿಂಗ್ ಇದೆ ಅಂತ 20 ಕಿಲೋಮೀಟರ್ ಎಳೆದೆ. ಆ ದಿನದ ಬೆಟ್ಟ ಯಾವುದೂ ನೆನಪಿಲ್ಲ. ಬೂಟು ಮಾತ್ರ ನೆನಪಿದೆ.

ಇನ್ನೊಂದು ಹೇಳಲೇಬೇಕು. 2025ರ ನವೆಂಬರ್‌ನಲ್ಲಿ ತೊರೆಸ್ ದೆಲ್ ಪೈನೆಯ ದೊಡ್ಡ ಸುತ್ತಿನ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಐವರು ತೀರಿಕೊಂಡರು. ಅದು ಅಲ್ಲಿ ವಸಂತ, ಚಳಿಗಾಲವೂ ಅಲ್ಲ. ಪ್ಲಾನ್ ಬಿಟ್ಟು ವಾಪಸ್ ಬರುವ ಮನಸ್ಸು ಇಟ್ಟುಕೊಂಡೇ ಹೋಗಿ.

ನತಾಲೆಸ್‌ನ ನಾಲ್ಕು ದಿನ ಏನು ಮಾಡಿದಿರಿ?

ದಾರಿಬುತ್ತಿ:

ಗೋಪುರಗಳ ಬುಡಕ್ಕೆ ಒಂದೇ ದಿನದಲ್ಲಿ ಹೋಗಿ ಬರಬಹುದು, ಸುಮಾರು 20 ಕಿಲೋಮೀಟರ್. ಮಂಡಿಯ ಕಾರಣ ಬಿಟ್ಟೆವು. ಬೇಸರ ಆಗಲಿಲ್ಲ ಅಂದರೆ ಸುಳ್ಳು. ಅದರ ಬದಲು ಸಾಲ್ತೊ ಗ್ರಾಂದೆ ಜಲಪಾತದಿಂದ ಕುವೆರ್ನೊಸ್ ಕಾಣುವ ಜಾಗದವರೆಗೆ ನಡೆದೆವು. ಒಂದು ಗಂಟೆಯ ದಾರಿ. ಕುವೆರ್ನೊಸ್ ಅಂದರೆ ಕೊಂಬುಗಳು. ತಿಳಿಬಣ್ಣದ ಗ್ರಾನೈಟ್ ಮೇಲೆ ಕಪ್ಪು ಕಲ್ಲಿನ ಟೋಪಿ. ಒಂಟೆ ಜಾತಿಯ ಗ್ವಾನಾಕೊಗಳ ಹಿಂಡು ರಸ್ತೆ ಪಕ್ಕದಲ್ಲೇ ಮೇಯುತ್ತಿತ್ತು.

ಆ ದಾರಿಯ ಎರಡೂ ಕಡೆ ಸತ್ತ ಮರಗಳು ನಿಂತಿವೆ. ಬಿಳಿ ಮೂಳೆಯ ಹಾಗೆ. 2011ರ ಡಿಸೆಂಬರ್ ಕೊನೆಗೆ ಒಬ್ಬ ಪ್ರವಾಸಿಯ ಅಜಾಗರೂಕತೆಯಿಂದ ಹತ್ತಿದ ಬೆಂಕಿ ಸುಮಾರು 17,000 ಹೆಕ್ಟೇರ್ ಸುಟ್ಟಿತು. ಅಲ್ಲಿನ ಗಾಳಿಗೆ ಬೆಂಕಿ ನಿಲ್ಲುವುದಿಲ್ಲ. ಇಷ್ಟು ವರ್ಷ ಆದರೂ ಕಾಡು ಎದ್ದಿಲ್ಲ, ಮಂಡಿಯೆತ್ತರದ ಪೊದೆ ಮಾತ್ರ. ನಮ್ಮ ಘಟ್ಟದಲ್ಲಿ ಸುಟ್ಟ ಗುಡ್ಡ ಎರಡು ಮಳೆಗೆ ಹಸಿರಾಗುವುದನ್ನು ನೋಡಿದವಳು ನಾನು. ಅಲ್ಲಿನ ಚಳಿಯಲ್ಲಿ ಒಂದು ಮರ ಬೆಳೆಯಲು ಎಷ್ಟು ಕಾಲ ಬೇಕು ಅಂತ ಆ ಕಾಂಡಗಳ ಮಧ್ಯೆ ನಡೆಯುವಾಗಲೇ ಗೊತ್ತಾಗಿದ್ದು. ಪಾರ್ಕ್‌ನಲ್ಲಿ ಬೆಂಕಿ ಹಚ್ಚುವುದು ಈಗ ಪೂರ್ತಿ ನಿಷೇಧ.

ನತಾಲೆಸ್ ಊರು ಸಮುದ್ರದ ಒಂದು ತೋಳಿನ ದಂಡೆಯಲ್ಲಿದೆ. ಆ ನೀರಿನ ಹೆಸರು ಉಲ್ತಿಮಾ ಎಸ್ಪೆರಾಂಸಾ, ಕೊನೆಯ ಆಸೆ ಅಂತ ಅರ್ಥ. 1557ರಲ್ಲಿ ಮೆಗೆಲನ್ ಜಲಸಂಧಿಗೆ ದಾರಿ ಹುಡುಕುತ್ತಾ ಬಂದ ನಾವಿಕ ಹುವಾನ್ ಲಾಡ್ರಿಯೆರೊ ಇಟ್ಟ ಹೆಸರು. ಅಲ್ಲೂ ಅವನಿಗೆ ದಾರಿ ಸಿಗಲಿಲ್ಲ. ಹಳೇ ಹಡಗುಕಟ್ಟೆಯ ಕಂಬಗಳ ಮೇಲೆ ನೀರುಕಾಗೆಗಳು ಸಾಲಾಗಿ ಕೂತಿರುತ್ತವೆ, ಪಕ್ಕದಲ್ಲಿ ಕಪ್ಪು ಕತ್ತಿನ ಹಂಸಗಳು. ಎರಡು ಸಂಜೆ ಅಲ್ಲೇ ಕೂತಿದ್ದೆವು.

ಎಲೆಅಡಿಕೆ:

ಖರ್ಚು ಎಷ್ಟಾಯಿತು ಅಂತ ಕೇಳಬಹುದಾ?

ದಾರಿಬುತ್ತಿ:

ಅರ್ಜೆಂಟೀನಾದಲ್ಲಿ ಬೆಲೆ ತಿಂಗಳು ತಿಂಗಳಿಗೆ ಬದಲಾಗುತ್ತದೆ, ನಮ್ಮ ಲೆಕ್ಕ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ವಿಮಾನ ಬಿಟ್ಟರೆ ದೊಡ್ಡ ಖರ್ಚು ವಸತಿ ಮತ್ತು ಐಸ್ ನಡಿಗೆ. ಚಾಲ್ಟೆನ್‌ನಲ್ಲಿ ದಿನ ಹೆಚ್ಚಾದರೂ ಖರ್ಚು ಅಷ್ಟು ಹೆಚ್ಚಾಗಲಿಲ್ಲ. ಪಾರ್ಕ್ ಟಿಕೆಟ್ ಬಿಟ್ಟರೆ ನಡೆಯಲು ಬೇರೆ ದುಡ್ಡು ಬೇಡ, ಅಲ್ವಾ? ಉಶುವಾಯಾ ವಿಮಾನದ ದುಡ್ಡು ಅಲ್ಲಿನ ನಾಲ್ಕು ರಾತ್ರಿಗೆ ಸರಿಹೋಯಿತು.

ಹುಬ್ಬಳ್ಳಿ ಹುಡುಗ:

ಅಕ್ಕಾ, ನಿನ್ನೆ ರಾತ್ರಿ ಇಬ್ಬರೂ ಫೋನಿನಲ್ಲಿ ಒಂದು ಗಂಟೆ ಚರ್ಚೆ ಮಾಡಿ ಬುಕ್ ಮಾಡಿದೆವು. ಕಲಾಫಾತೆ 3, ಚಾಲ್ಟೆನ್ 6. ಚಿಲಿಯೂ ಇಲ್ಲ, ಉಶುವಾಯಾವೂ ಇಲ್ಲ. ಅವಳಿಗೆ ನಿಮ್ಮ ನಾಲ್ಕನೇ ದಿನದ ಕತೆ ಓದಿ ಹೇಳಿದೆ. ಅವಳೇ ಆರು ರಾತ್ರಿ ಅಂದಳು. ಈಗ ಒಂದು ಸಣ್ಣ ಪ್ರಶ್ನೆ. ಕಲಾಫಾತೆಯಿಂದ ಹೋಗುವ ಬಸ್ಸಲ್ಲಿ ಸೀಟು ಆರಿಸಬೇಕಂತೆ. ಯಾವ ಕಡೆ ಕೂರಬೇಕು?

ದಾರಿಬುತ್ತಿ:

ಎಡಗಡೆ. ಅರ್ಧದಾರಿಯಲ್ಲಿ ಲಾ ಲಿಯೋನಾ ಎಂಬ ಹಳೇ ರಸ್ತೆಬದಿ ಮನೆಯ ಹತ್ತಿರ ನಿಲ್ಲಿಸುತ್ತಾರೆ, ಇಳಿದು ಕಾಫಿ ಕುಡಿಯಿರಿ. ಅದಾದ ಮೇಲೆ ಬಸ್ಸು 40ನೇ ನಂಬರಿನ ರಸ್ತೆ ಬಿಟ್ಟು ಪಶ್ಚಿಮಕ್ಕೆ ತಿರುಗುತ್ತದೆ. ಎಡಕ್ಕೆ ಲಾಗೊ ವಿಯೆದ್ಮಾ ಸರೋವರ ಜೊತೆಯಲ್ಲೇ ಬರುತ್ತದೆ. ಆಕಾಶ ತಿಳಿಯಾಗಿದ್ದರೆ ಶಿಖರಗಳು ನೇರ ಎದುರಿಗೆ, ಡ್ರೈವರ್ ಗಾಜಿನಲ್ಲಿ ಕಾಣುತ್ತವೆ. ಮುಂದಿನ ಸೀಟು ಸಿಕ್ಕರೆ ಅದನ್ನೇ ಹಿಡಿಯಿರಿ, ಅವಳನ್ನು ಕಿಟಕಿಗೆ ಕೂರಿಸಿ.